ಎಂಬತ್ತು ಕಿಲೋಮೀಟರ್ ಮೈಲಾರಿ

ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಒಂದು ಮಣ್ಣುರಸ್ತೆ ಒಡೆಯುತ್ತದೆ. ಅದನ್ನು ಹಿಡಿದು ತೋಟಗಳ ನಡುವೆ ಒಂದಷ್ಟು ದೂರ ಹೋದರೆ ಸಿಗುವ ಊರಿನಲ್ಲಿ ಯಾರನ್ನಾದರೂ ನಿಲ್ಲಿಸಿ, ಎಂಬತ್ತು ಕಿಲೋಮೀಟರ್ ಮನೆ ಯಾವುದು ಎಂದು ಕೇಳಿ. ಯಾರೂ ತಬ್ಬಿಬ್ಬಾಗುವುದಿಲ್ಲ. ನೇರವಾಗಿ ಮೈಲಾರಿಯ ಮನೆಯ ಕಡೆ ಕೈ ತೋರಿಸುತ್ತಾರೆ. ಆ ಹೆಸರು ಅವನಿಗೆ ಅಂಟಿಕೊಂಡು ಹೆಚ್ಚು ಕಾಲವಾಗಿಲ್ಲ. ಅದು ಅಂಟಿಕೊಂಡ ಬಗೆಯನ್ನು ಹೇಳಬೇಕಾದರೆ, ಅವನು ಕೊಳ್ಳದೇ ಹೋದ ಒಂದು ಗಾಡಿಯ ಕಥೆಯನ್ನು ಹೇಳಬೇಕು.

ಮೈಲಾರಿ ಮೀಸೆ ಚಿಗುರುವ ವಯಸ್ಸಿನಲ್ಲಿ ತಿಪಟೂರಿನ ಕೊಬ್ಬರಿ ಲಾರಿಗೆ ಕ್ಲೀನರ್ ಆಗಿ ಹತ್ತಿದವನು. ಚೀಲಗಳ ಮೇಲೆ ಟಾರ್ಪಾಲು ಬಿಗಿಯುತ್ತಾ, ಡ್ರೈವರಿಗೆ ಟೀ ತಂದುಕೊಡುತ್ತಾ, ಒಂದಕ್ಷರ ಹಿಂದಿ ಬಾರದೆಯೇ ಉತ್ತರದ ಊರುಗಳನ್ನೆಲ್ಲ ಸುತ್ತಿ ಬಂದ. ಆಮೇಲೆ ತಾನೇ ಡ್ರೈವರಾದ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಅಷ್ಟು ದೂರದ ದುಡಿಮೆ ಸಾಕೆನಿಸಿ, ಒಂದು ಸಣ್ಣ ಡೀಸೆಲ್ ಟ್ರಕ್ಕನ್ನು ಸ್ವಂತಕ್ಕೆ ಮಾಡಿಕೊಂಡ. ತೋಟಗಳಿಂದ ಕಾಯಿ ತುಂಬುವುದು, ನಾರಿನ ಫ್ಯಾಕ್ಟರಿಗೆ ಸಿಪ್ಪೆ ಸಾಗಿಸುವುದು, ಹರಾಜಿನ ದಿನ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕುವುದು, ಇದು ಹಗಲಿನ ಕೆಲಸ. ಆದರೆ ಕೈಗೆ ನಾಲ್ಕು ಕಾಸು ಬರುತ್ತಿದ್ದದ್ದು ಬೆಂಗಳೂರಿಗೆ ಹೋಗುವ ಎಳನೀರಿನ ಲೋಡಿನಿಂದ. ಸಂಜೆ ತುಂಬಿ, ರಾತ್ರಿ ಹೊರಟು, ಬೆಳಗಿನ ಜಾವ ಇಳಿಸಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದು ಬಿದ್ದರೆ ಸಂಜೆಯವರೆಗೂ ಅವನನ್ನು ಎಬ್ಬಿಸುವ ಹಾಗಿಲ್ಲ. ವಾರದಲ್ಲಿ ಮೂರು ಸಲ ಹೀಗೆ. ಮಗಳು ಮೋನಿಕಾ ಬೆಳೆದು, ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುವಷ್ಟಾದರೂ ಅವನ ಹಗಲು ರಾತ್ರಿಗಳು ತಲೆಕೆಳಗಾಗಿಯೇ ಇದ್ದವು.

ಹೆಂಡತಿ ಜ್ಯೋತಿಲಕ್ಷ್ಮಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಮಾತು ಕಡಿಮೆ ಎಂದು ಊರಿನವರು ಅವಳ ಬಗ್ಗೆ ಹೇಳುವುದುಂಟು. ಅದು ಅಷ್ಟು ಸರಿಯಲ್ಲ. ಮೈಲಾರಿಯ ಎಡಗಿವಿ ಇಂಜಿನ್ನಿನ ಸದ್ದಿಗೆ ಮಂದವಾಗಿತ್ತು. ಟ್ರಕ್ಕಿನಲ್ಲಿ ಅವಳು ಕೂರುತ್ತಿದ್ದದ್ದು ಎಡಕ್ಕೇ. ಒಂದು ಮಾತು ಹೇಳಿದರೆ ಅವನು "ಆಂ?" ಅನ್ನುತ್ತಿದ್ದ. ಮತ್ತೆ ಕೂಗಿ ಹೇಳಬೇಕು. ಎರಡನೆಯ ಸಲ ಕೂಗಿ ಹೇಳುವಷ್ಟು ಯೋಗ್ಯತೆ ಎಲ್ಲ ಮಾತಿಗೂ ಇರುವುದಿಲ್ಲವಲ್ಲ. ಹಾಗಾಗಿ ಅವಳು ಹೇಳುವುದನ್ನೇ ಬಿಟ್ಟಿದ್ದಳು.

ಒಂದು ಹರಾಜಿನ ದಿನ ಅವಳೂ ಅವನ ಜೊತೆ ತಿಪಟೂರಿಗೆ ಬಂದಿದ್ದಳು. ಯಾರದೋ ಗೃಹಪ್ರವೇಶಕ್ಕೆ ಸೀರೆ ಕೊಳ್ಳುವುದಿತ್ತು. ಕೊಬ್ಬರಿ ಇಳಿಸಿ ಮಾರುಕಟ್ಟೆಯ ಗೇಟು ದಾಟುವಾಗ, ಹೊಸದೊಂದು ಬಿಳಿ ಟ್ರಕ್ಕಿನ ಮುಂದೆ ಇಸ್ತ್ರಿ ಶರ್ಟಿನ ಒಬ್ಬ ಯುವಕ ನಿಂತು ಹೋಗಿಬರುವ ಡ್ರೈವರುಗಳನ್ನು ಕರೆಯುತ್ತಿದ್ದ. ಷೋರೂಮಿನಲ್ಲಿ ಕೆಲಸ ಮಾಡುವ ದಯಾನಂದ ಅವನು.

"ಅಣ್ಣಾ, ಕರೆಂಟ್ ಗಾಡಿ. ಒಂದು ರೌಂಡ್ ಓಡ್ಸಿ ನೋಡಿ. ತಗೊಳ್ಳಿ ಅಂತ ಹೇಳ್ತಿಲ್ಲ, ಓಡ್ಸಿ ನೋಡಿ ಅಷ್ಟೇ."

ಮೈಲಾರಿ ಹತ್ತಿ ಕೂತ. ಜ್ಯೋತಿಲಕ್ಷ್ಮಿ ಪಕ್ಕದಲ್ಲಿ ಕೂತಳು. ದಯಾನಂದ ಹಿಂದೆ ಟ್ರೇಯಲ್ಲಿ ನಿಂತುಕೊಂಡ. ಹಾಸನದ ರಸ್ತೆಗೆ ಹೊರಳಿ ನಾಲ್ಕು ಮಾರು ಹೋಗಿದ್ದರೋ ಇಲ್ಲವೋ, ಜ್ಯೋತಿಲಕ್ಷ್ಮಿ ಕೇಳಿದಳು: "ಇನ್ನೂ ಸ್ಟಾರ್ಟೇ ಮಾಡಿಲ್ವಾ?"

"ಓಡ್ತಾ ಐತಲ್ಲೇ!" ಎಂದ ಮೈಲಾರಿ. ಅವನಿಗೂ ನಂಬಿಕೆಯಿರಲಿಲ್ಲ. ಕಾಲಡಿಯಲ್ಲಿ ನಡುಕವಿಲ್ಲ, ಗೇರು ಬದಲಿಸುವ ಗೋಜಿಲ್ಲ, ಕಿಟಕಿಯ ಗಾಜಿನ ಗಡಗಡವಿಲ್ಲ. ಚಕ್ರದ ಕೆಳಗೆ ಜಲ್ಲಿ ಸಿಡಿಯುವುದು ಕೇಳಿಸುತ್ತಿತ್ತು.

ರಸ್ತೆಯ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಮನೆಯೊಂದು ಹಾದುಹೋಯಿತು. "ಆ ಮನೆ ಬಣ್ಣ ಚೆನ್ನಾಗೈತೆ," ಎಂದಳು ಜ್ಯೋತಿಲಕ್ಷ್ಮಿ, ತನಗೆ ತಾನೇ ಹೇಳಿಕೊಂಡಂತೆ.

"ಚೆನ್ನಾಗೈತೆ. ವಸಿ ಹಸ್ರು ಜಾಸ್ತಿ ಆಯ್ತು," ಎಂದ ಮೈಲಾರಿ.

ಅವಳು ತಿರುಗಿ ಗಂಡನ ಮುಖ ನೋಡಿದಳು. ಅವನು ರಸ್ತೆಯನ್ನೇ ನೋಡುತ್ತಿದ್ದ. ತಾನು ಏನು ಮಾಡಿದೆನೆಂಬುದು ಅವನಿಗೆ ಗೊತ್ತಾಗಿರಲಿಲ್ಲ. ಗಾಡಿ ಓಡಿಸುತ್ತಿರುವ ಮೈಲಾರಿ ಅವಳ ಮಾತಿಗೆ ಮೊದಲ ಸಲಕ್ಕೇ ಉತ್ತರ ಕೊಟ್ಟದ್ದು ಅದೇ ಮೊದಲು. ಆಮೇಲೆ ಅವಳು ಸುಮ್ಮನೆ ಇನ್ನೂ ಎರಡು ಮಾತು ಆಡಿ ನೋಡಿದಳು. ಬಿಸಿಲು ಜೋರಾಯಿತು ಎಂದಳು, ಹೂಂ ಎಂದ. ಸೀರೆಗೆ ಅಂಚು ದೊಡ್ಡದಿರಲಿ ಎಂದಳು, ನಿನ್ನಿಷ್ಟ ಎಂದ. ಷೋರೂಮಿಗೆ ಬಂದು ಇಳಿಯುವ ಹೊತ್ತಿಗೆ ಈ ಗಾಡಿ ಮನೆಗೆ ಬರಬೇಕೆಂದು ಅವಳ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು.

ದಯಾನಂದ ಕುರ್ಚಿ ಹಾಕಿ ಕೂರಿಸಿ ಲೆಕ್ಕ ವಿವರಿಸಿದ. ಗಾಡಿಯ ಬೆಲೆ ನೋಡಿದರೆ ತಲೆ ತಿರುಗುವಂತಿತ್ತು. "ಅದನ್ನ ನೋಡ್ಬೇಡಿ ಅಣ್ಣ. ಇದ್ರಲ್ಲಿ ಸರ್ಕಾರದ ಸಬ್ಸಿಡಿ ಕಳೀರಿ. ಆಮೇಲೆ ರೋಡ್ ಟ್ಯಾಕ್ಸ್ ರಿಯಾಯ್ತಿ ಕಳೀರಿ. ಆಗ ಡೀಸೆಲ್ ಗಾಡಿ ರೇಟಿಗೆ ಹತ್ರ ಹತ್ರ ಬತ್ತದೆ. ಡೀಸೆಲ್ ಖರ್ಚಂತೂ ಇಲ್ವೇ ಇಲ್ಲ." ಗಾಡಿ ಕೈಗೆ ಬರಲು ಕೆಲವು ತಿಂಗಳು ಹಿಡಿಯುತ್ತದೆ, ಈಗ ಮುಂಗಡ ಕೊಟ್ಟರೆ ಸಾಲಿನಲ್ಲಿ ಹೆಸರಿರುತ್ತದೆ ಎಂದೂ ಹೇಳಿದ. ಮೈಲಾರಿ ಅಂದೇ ಮುಂಗಡ ಕಟ್ಟಿದ. ಸೀರೆ ಕೊಳ್ಳುವುದು ಮುಂದಿನ ವಾರಕ್ಕೆ ಹೋಯಿತು.

ಸಂಜೆ ಮನೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಾ ಜ್ಯೋತಿಲಕ್ಷ್ಮಿ ಮನಸ್ಸಿನ ಉಳಿದರ್ಧವನ್ನು ತೆರೆದಳು.

"ಲೋಡ್ ಹಾಕ್ಕಂಡು ಎಷ್ಟು ದೂರ ಹೋಗ್ತದಂತೆ?"

"ಕಾಗದದಾಗೆ ಜಾಸ್ತಿ ಐತೆ. ಲೋಡಿದ್ರೆ ಒಂದ್ಸಲ ಚಾರ್ಜ್ ಮಾಡಿದ್ದಕ್ಕೆ ಎಂಬತ್ತು ಅಂತ ಇಟ್ಕಳಿ ಅಂದ ಆ ಹುಡ್ಗ."

"ಅಂದ್ರೆ ಬೆಂಗ್ಳೂರಿಗೆ ಹೋಗಕ್ಕಾಗಲ್ಲ."

"ಅದು ಆಗಲ್ಲ."

"ಎಳನೀರು ಬುಟ್ರೆ ಹೊಟ್ಟೆ ತುಂಬ್ತದಾ?"

ಮೈಲಾರಿ ಇನ್ನೊಂದು ಹಿಡಿ ಹುಲ್ಲು ಹಸುವಿನ ಮುಂದೆ ಹಾಕಿದ. ಅವನಿಗೂ ಗೊತ್ತಿರಲಿಲ್ಲ.

"ನೋಡಿ, ಗಾಡಿ ಬರೋಕೆ ಇನ್ನೂ ಟೈಮೈತೆ," ಎಂದಳು ಅವಳು. "ಅಲ್ಲೀಗಂಟ ಈ ಡೀಸೆಲ್ ಗಾಡೀನೇ ಕರೆಂಟ್ ಗಾಡಿ ಅಂದ್ಕಂಡು ಓಡ್ಸಿ. ಎಂಬತ್ತು ಕಿಲೋಮೀಟರ್ ಆದ್ಮೇಲೆ ಚಾರ್ಜ್ ಇಲ್ಲ ಅಂತ ಮನೇಗೆ ಬಂದ್ಬುಡಿ. ಅಷ್ಟ್ರಾಗೆ ಸಂಸಾರ ನಡೆದ್ರೆ ತಗಳಣ. ನಡೀದಿದ್ರೆ ಮುಂಗಡ ವಾಪಸ್ ಈಸ್ಕಳಣ."

ಮೊದಲು ಮೈಲಾರಿಗೆ ನಗು ಬಂತು. ಆಮೇಲೆ ಯೋಚಿಸಿದ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಮರುದಿನವೇ ಊರಿನ ಇನ್ನೊಬ್ಬ ಡ್ರೈವರ್, ತನ್ನ ವಾರಿಗೆಯ ರಾಜಣ್ಣನನ್ನು ಕಂಡು ಎಳನೀರಿನ ಲೋಡುಗಳನ್ನು ಅವನಿಗೆ ಬಿಟ್ಟುಕೊಟ್ಟ. ರಾಜಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ಲಾ, ಮೈ ಹುಷಾರಿಲ್ವಾ?"

"ಹುಷಾರಾಗೇ ಇವ್ನಿ ಕಣ್ಲಾ. ನನ್ ಗಾಡಿ ಇನ್ಮೇಲೆ ಎಂಬತ್ತು ಕಿಲೋಮೀಟರ್ ಅಷ್ಟೇ ಓಡೋದು."

ತಿಪಟೂರಿಗೆ ಹೋಗಿ ಬಂದರೆ ಎಪ್ಪತ್ತು ಚಿಲ್ಲರೆ ಆಗುತ್ತಿತ್ತು. ಹರಾಜಿನ ದಿನ ಅದೊಂದೇ ಕೆಲಸ. ಉಳಿದ ದಿನ ಬೆಳಿಗ್ಗೆ ಸುತ್ತಮುತ್ತ ಎರಡು ಬಾಡಿಗೆ ಹೊಡೆದು, ಮಧ್ಯಾಹ್ನ ಮನೆಗೆ ಬಂದು, ಗಾಡಿಯನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿ, ಊಟ ಮಾಡಿ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುವುದು. ನಿಜವಾದ ಕರೆಂಟ್ ಗಾಡಿಯಾಗಿದ್ದರೆ ಆ ಹೊತ್ತಿನಲ್ಲಿ ಅದಕ್ಕೆ ಒಂದಿಷ್ಟು ಚಾರ್ಜ್ ತುಂಬುತ್ತಿತ್ತು ಎಂಬ ಲೆಕ್ಕ. ಕೊಟ್ಟಿಗೆಯ ಗೋಡೆಗೆ ದೊಡ್ಡ ಸಾಕೆಟ್ಟೊಂದನ್ನು ಹಾಕಿಸಿ, ಅರ್ತಿಂಗ್ ಕೂಡ ಮಾಡಿಸಿಟ್ಟ. ಅದರ ಮುಂದೆ ಡೀಸೆಲ್ ಟ್ರಕ್ಕು ದಿನಾ ಮಧ್ಯಾಹ್ನ ಬಂದು ನಿಲ್ಲುವುದನ್ನು ನೋಡಿ ಊರಿನವರಿಗೆ ಹಬ್ಬ.

"ಎಷ್ಟು ಪರ್ಸೆಂಟ್ ಆಯ್ತಪ್ಪಾ ಚಾರ್ಜು?" ಎಂದು ದಾರಿಯಲ್ಲಿ ಹೋಗುವವರು ಕೂಗುತ್ತಿದ್ದರು.

"ಅರ್ಧ ಆಗೈತೆ. ಮಜ್ಜಿಗೆ ಕುಡ್ದ್ಮೇಲೆ ಫುಲ್ ಆಯ್ತದೆ," ಎಂದು ಮೈಲಾರಿ ಜಗಲಿಯಿಂದಲೇ ಉತ್ತರ ಕೊಡುತ್ತಿದ್ದ.

ಎಂಬತ್ತು ಕಿಲೋಮೀಟರ್ ಮೈಲಾರಿ ಎಂದು ಮೊದಲು ಕರೆದವನು ರಾಜಣ್ಣನೇ ಇರಬೇಕು. ಒಂದು ತಿಂಗಳೊಳಗೆ ಅದು ಊರಿಗೆಲ್ಲ ಹಬ್ಬಿತು.

ಆ ಮೊದಲ ತಿಂಗಳು ಮಾತ್ರ ನಗುವ ಹಾಗಿರಲಿಲ್ಲ. ಜೇಬು ಹಗುರವಾಯಿತು. ದೂರದ ಬಾಡಿಗೆ ಕೇಳಿಕೊಂಡು ಬಂದವರನ್ನು ವಾಪಸು ಕಳಿಸಬೇಕಾಯಿತು. ಹೆಂಡತಿಗೆ ಹೇಳದೆ ಒಂದು ಲೋಡು ಬೆಂಗಳೂರಿಗೆ ಹೊಡೆದುಬಿಡಲೇ ಎಂದು ಎರಡು ಮೂರು ಸಲ ಅನ್ನಿಸಿತು. ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಶಿವರುದ್ರಮ್ಮ ಬಂದಳು.

ಶಿವರುದ್ರಮ್ಮ ಹಿಂದಿನ ಬೀದಿಯ ಮುದುಕಿ. ಮನೆಯ ಹಿತ್ತಿಲಿಗೆ ಅಂಟಿಕೊಂಡಂತೆ ಸಣ್ಣದೊಂದು ತೋಟ. ಬಂದ ಕಾಯನ್ನು ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಬಿಟ್ಟು, ತಾನೇ ಕೂತು ಸುಲಿಸಿ ಒಡೆಸಿ ಕೊಬ್ಬರಿ ಮಾಡುವವಳು. ಅದನ್ನು ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ ಅವನು ಹೇಳಿದ ರೇಟಿಗೆ ಕೊಟ್ಟುಬಿಡುತ್ತಿದ್ದಳು.

"ಲೋ ಮೈಲಾರಿ, ದಿನಾ ಮಧ್ಯಾನ ಸುಮ್ನೆ ನಿಂತಿರ್ತದಲ್ಲೋ ನಿನ್ ಗಾಡಿ. ನಂದು ಮೂರು ಚೀಲ ಕೊಬ್ರಿ ಐತೆ. ತಿಪಟೂರಿಗೆ ಹಾಕ್ಕಂಡು ಹೋಗೀಯ?"

"ಮೂರು ಚೀಲಕ್ಕೆ ಡೀಸೆಲ್ ಖರ್ಚೂ ಹುಟ್ಟಲ್ಲ ಅಜ್ಜಿ."

"ನಂದೊಂದೇ ಯಾಕೋ? ಆ ಕಡೆ ಮನೆಯವ್ರದ್ದು ಐದು ಚೀಲ ಐತೆ. ಕೆರೆ ಏರಿ ಮನೆಯವ್ರದ್ದೂ ಐತೆ. ಎಲ್ರೂ ನನ್ನಂಗೇ ಬಾಗ್ಲಾಗೇ ಮಾರ್ಕಳೋರು. ಕೂಡ್ಸಿ ಒಂದು ಲೋಡ್ ಮಾಡಕ್ಕಾಗಕ್ಕಿಲ್ವಾ?"

ಇಷ್ಟು ವರ್ಷ ಅದೇ ಬೀದಿಗಳಲ್ಲಿ ಓಡಾಡಿದ ಮೈಲಾರಿಗೆ ಇದು ಹೊಳೆದಿರಲಿಲ್ಲ. ಹೊಳೆಯಲು ಅವನು ಮಧ್ಯಾಹ್ನ ಊರಿನಲ್ಲಿ ಎಚ್ಚರವಾಗಿದ್ದದ್ದೇ ಇಲ್ಲ. ಸಂಜೆ ನಾಲ್ಕು ಮನೆ ಸುತ್ತಿ ಬಂದ. ಯಾರ ಚೀಲ ಯಾರದೆಂದು ತಿಳಿಯಲು ಜ್ಯೋತಿಲಕ್ಷ್ಮಿ ಬಣ್ಣಬಣ್ಣದ ಹಳೆಯ ಸೀರೆಯ ಅಂಚು ಹರಿದು ಚೀಲದ ಕಿವಿಗೆ ಕಟ್ಟಿಕೊಟ್ಟಳು. ಹರಾಜಿನ ದಿನ ಶಿವರುದ್ರಮ್ಮ ತಾನೂ ಬರುವೆನೆಂದು ಹಟ ಹಿಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂತಳು.

ಮಾರುಕಟ್ಟೆಯಲ್ಲಿ ಅವಳ ಕೊಬ್ಬರಿ ಒಂದೊಂದನ್ನೇ ಕೈಯಲ್ಲಿ ಹಿಡಿದು ಅಲುಗಿಸಿ, ಗುಂಡಗೆ ಗಟ್ಟಿಯಾಗಿದೆ ಎಂದು ಒಬ್ಬ ಸಾಹುಕಾರ ಹೊಗಳಿದ. ಬಂದ ರೇಟು ಬಾಗಿಲ ವ್ಯಾಪಾರಿ ಕೊಡುತ್ತಿದ್ದದ್ದಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಹೇಳಿದ್ದು ರೇಟಿನ ಮಾತಲ್ಲ. "ಗುಂಡಗೈತೆ ಅಂದ ಕಣೋ ಆ ಸಾವ್ಕಾರ. ಎಲ್ರೂ ಎದುರ್ಗೇ ಅಂದ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಮೈಲಾರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೇಳಿದಳು.

ಅಲ್ಲಿಂದ ಕೂಡುಲೋಡು ಎಂಬುದು ಆ ಕಡೆಯ ಹಳ್ಳಿಗಳಲ್ಲಿ ಒಂದು ರೂಢಿಯಾಯಿತು. ವಾಪಸು ಬರುವಾಗ ಖಾಲಿ ಬರುವುದೇಕೆಂದು ತುರುವೇಕೆರೆಯಲ್ಲಿ ನಿಲ್ಲಿಸಿ ನಾಲ್ಕು ಮನೆಯ ಹಿಂಡಿ ಬೂಸಾ ತುಂಬಿಕೊಂಡು ಬರತೊಡಗಿದ. ಶಾಮಿಯಾನದವರು, ಇಟ್ಟಿಗೆಯವರು, ಮಾಯಸಂದ್ರದ ಸಂತೆಗೆ ಹೋಗುವ ತರಕಾರಿಯವರು ಒಬ್ಬೊಬ್ಬರಾಗಿ ಅವನನ್ನು ಹುಡುಕಿಕೊಂಡು ಬಂದರು. ಹಗಲು ಹೊತ್ತು ಸಿಗುವ ಡ್ರೈವರ್ ಅಂದರೆ ಮೈಲಾರಿ ಎಂದಾಯಿತು. ಎಳನೀರಿನ ದುಡ್ಡಿನಷ್ಟು ಬರಲಿಲ್ಲ, ನಿಜ. ಆದರೆ ಡೀಸೆಲ್ಲು, ಟೈರು, ದಾರಿಯ ಹೋಟೆಲ್ಲು ಎಲ್ಲ ಕಡಿಮೆಯಾಗಿ, ಸಂಸಾರದ ಬಂಡಿ ತೊಡಕಿಲ್ಲದೆ ನಡೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಜ್ಯೋತಿಲಕ್ಷ್ಮಿಯೇ ಬಾಯಿಬಿಟ್ಟು ಹೇಳಿದಳು: "ನಡೀತದೆ. ತಗಳಣ ಗಾಡೀನ."

ದಯಾನಂದನ ಫೋನು ಬಂದದ್ದು ಅದಾದ ವಾರಕ್ಕೆ. ಗಾಡಿ ಬಂದಿತೇನೋ ಎಂದು ಮೈಲಾರಿ ಉತ್ಸಾಹದಿಂದಲೇ ಎತ್ತಿದ.

"ಅಣ್ಣಾ, ಒಂದು ಬೇಜಾರಿನ್ ಸುದ್ದಿ," ಎಂದ ದಯಾನಂದ. "ಸಬ್ಸಿಡಿ ನಿಂತೋಯ್ತು. ಟ್ಯಾಕ್ಸ್ ರಿಯಾಯ್ತೀನೂ ಇನ್ನು ಸಿಗಲ್ವಂತೆ. ಇನ್ಮೇಲೆ ಬಿಲ್ ಆಗೋ ಗಾಡಿಗೆಲ್ಲ ಪೂರಾ ರೇಟು."

"ನಾನು ಮೊದ್ಲೇ ಮುಂಗಡ ಕಟ್ಟಿವ್ನಲ್ಲಪ್ಪ?"

"ಮುಂಗಡ ಲೆಕ್ಕಕ್ಕಿಲ್ಲ ಅಣ್ಣ. ಗಾಡಿ ರಿಜಿಸ್ಟ್ರಿ ಆದ ದಿನದ್ದೇ ಲೆಕ್ಕ."

ಪಂಕ್ತಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿಕೊಂಡು ಕಾಯುತ್ತಿರುವವನಿಗೆ ಅಡುಗೆ ಮುಗಿಯಿತು ಎಂದಂತಾಯಿತು. ಯಾರ ಮೇಲೆ ಸಿಟ್ಟಾಗಬೇಕೆಂದೇ ಮೈಲಾರಿಗೆ ತಿಳಿಯಲಿಲ್ಲ.

ಮರುದಿನ ಗಂಡ ಹೆಂಡಿರು ಷೋರೂಮಿಗೆ ಹೋದರು. ದಯಾನಂದ ಈ ಸಲ ಹೊಸ ಲೆಕ್ಕ ಬರೆದು ತೋರಿಸಿದ. ಹೆಚ್ಚಾದ ಹಣ ಅವರಿಬ್ಬರ ಒಂದು ವರ್ಷದ ಉಳಿತಾಯಕ್ಕಿಂತ ಮೇಲಿತ್ತು. ಸಾಲದ ಅವಧಿ ಉದ್ದ ಮಾಡಿಸಿಕೊಡುತ್ತೇನೆ ಎಂದ. ಹೇಳುವಾಗ ಅವನ ದನಿಯಲ್ಲೂ ಜೋರಿರಲಿಲ್ಲ. ತನ್ನ ಕಡೆಯಿಂದ ಇಬ್ಬರಿಗೂ ಜ್ಯೂಸ್ ತರಿಸಿದ. ಬಿಳಿ ಟ್ರಕ್ಕು ಗಾಜಿನಾಚೆ ಹಾಗೆಯೇ ನಿಂತಿತ್ತು.

"ಯೋಚ್ನೆ ಮಾಡಿ ಹೇಳ್ತೀವಿ," ಎಂದು ಜ್ಯೋತಿಲಕ್ಷ್ಮಿ ಎದ್ದಳು.

ಊರಿಗೆ ಬಂದಾಗ ರಾಜಣ್ಣ ಅರಳಿಕಟ್ಟೆಯ ಮೇಲೆ ಕೂತಿದ್ದ. ವಿಷಯ ಕೇಳಿ ಅವನು ನಗಲಿಲ್ಲ. ತಮಾಷೆ ಮಾಡುವವನಾದರೂ ಸ್ನೇಹಿತ.

"ಇದಕ್ಕೆಲ್ಲ ಯಾಕ್ಲಾ ತಲೆ ಕೆಡಿಸ್ಕತೀಯ? ಎರಡು ವರ್ಷ ಮತ್ತೆ ಎಳನೀರು ಹೊಡಿ. ಆ ವ್ಯತ್ಯಾಸ ತುಂಬ್ಕಂತದೆ. ಆಮೇಲೆ ನಿನ್ ಕರೆಂಟ್ ಗಾಡಿ ತಗಂಡು ಎಂಬತ್ತಾದ್ರೂ ಓಡ್ಸು, ಎಂಟಾದ್ರೂ ಓಡ್ಸು. ನಾಳೆ ಒಂದು ಲೋಡೈತೆ. ನಂಗೆ ತುಮಕೂರಾಗೆ ಕೆಲ್ಸ. ನೀನೇ ಹೋಗ್ಬುಡು."

ಮಾತು ಸರಿಯಾಗಿಯೇ ಇತ್ತು. ಜ್ಯೋತಿಲಕ್ಷ್ಮಿಯೂ ಬೇಡವೆನ್ನಲಿಲ್ಲ. "ಒಂದ್ಸಲ ಹೋಗಿ ಬನ್ನಿ. ಹೋದ್ರೆ ಗೊತ್ತಾಯ್ತದೆ," ಎಂದಳಷ್ಟೆ. ಮೈಲಾರಿ ಎಳನೀರು ತುಂಬಿಕೊಂಡು ಹೊರಟ. ರಸ್ತೆ ಮರೆತಿರಲಿಲ್ಲ. ಕೈ ಮರೆತಿರಲಿಲ್ಲ. ಆದರೆ ಮೈ ಮರೆತಿತ್ತು. ನೆಲಮಂಗಲದ ಹತ್ತಿರ ಸಾಲುಗಟ್ಟಿ ನಿಂತ ವಾಹನಗಳ ನಡುವೆ ಅವನಿಗೆ ಮನೆಯ ಮಧ್ಯಾಹ್ನದ ಮಜ್ಜಿಗೆ ನೆನಪಾಯಿತು.

ಲೋಡು ಇಳಿಸಿ, ಮಾರನೆಯ ದಿನ ಊಟದ ಹೊತ್ತು ಮೀರಿದ ಮೇಲೆ ಅವನು ಊರು ಸೇರಿದ. ಅರಳಿಕಟ್ಟೆಯ ಹತ್ತಿರ ತಿರುಗುವಾಗ ಬ್ರೇಕು ಒತ್ತಿದ. ಕಟ್ಟೆಯ ಕೆಳಗೆ ಸಾಲಾಗಿ ಕೊಬ್ಬರಿ ಚೀಲಗಳು. ಅವುಗಳ ಕಿವಿಗೆ ಕೆಂಪು, ಹಳದಿ, ನೀಲಿ ಸೀರೆಯಂಚು. ಶಿವರುದ್ರಮ್ಮ ತನ್ನ ಚೀಲದ ಮೇಲೆಯೇ ಕೂತಿದ್ದಳು. ಉಳಿದವರು ಊಟಕ್ಕೆ ಹೋಗಿ ಬಂದಿದ್ದರು, ಇವಳು ಹೋಗಿರಲಿಲ್ಲ. ಅವತ್ತು ಹರಾಜಿನ ದಿನ. ಎಳನೀರಿನ ಗಡಿಬಿಡಿಯಲ್ಲಿ ಗಂಡ ಹೆಂಡಿರಿಬ್ಬರಿಗೂ ಅದು ಪೂರಾ ಮರೆತುಹೋಗಿತ್ತು. ಇಷ್ಟು ತಿಂಗಳಲ್ಲಿ ಒಮ್ಮೆಯೂ ತಪ್ಪಿಸದವನು ಬಂದೇ ಬರುತ್ತಾನೆಂದು ಅವರೂ ಯಾರನ್ನೂ ವಿಚಾರಿಸಿರಲಿಲ್ಲ. ಹಾಲಿನ ಲೆಕ್ಕಕ್ಕೆಂದು ಬೆಳಿಗ್ಗೆಯೇ ಡೈರಿಗೆ ಹೋಗಿದ್ದ ಜ್ಯೋತಿಲಕ್ಷ್ಮಿಗೆ ತಿಳಿದಾಗ ಹೊತ್ತಾಗಿತ್ತು.

"ತಪ್ಪಾಯ್ತು ಅಜ್ಜಿ," ಎಂದ ಮೈಲಾರಿ ಇಳಿದು ಬಂದು.

ಶಿವರುದ್ರಮ್ಮ ಬೈಯಲಿಲ್ಲ. "ಚಾರ್ಜ್ ಖಾಲಿಯಾಗಿ ಎಲ್ಲೋ ನಿಂತವ್ನೆ ಅಂದ್ಕಂಡೋ," ಎಂದಳು. ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. "ನಿನ್ ಮುಖ ನೋಡು, ಸೊರಗೋಗೈತೆ. ಹೋಗಿ ಉಂಡು ಮಲಿಕ್ಕೋ. ಕೊಬ್ರಿ ಕೆಡೋ ಮಾಲಲ್ಲ. ಮುಂದ್ಲ ಹರಾಜಿಗೆ ಹಾಕಣ."

ಚೀಲಗಳನ್ನು ಮತ್ತೆ ಅವರವರ ಮನೆಗೆ ತಾನೇ ಹೊತ್ತು ಹಾಕಿ ಬಂದ. ಆಮೇಲೆ ಊಟಕ್ಕೆ ಕೂತ. ಮುದ್ದೆ ಮುರಿಯುತ್ತಾ ಜ್ಯೋತಿಲಕ್ಷ್ಮಿಗೆ ಹೇಳಿದ:

"ಮನೇಲಿ ಇರ್ಬೇಕು ಅಂತ ಆ ಗಾಡಿ ಬೇಕು. ಆ ಗಾಡಿ ತಗಬೇಕಾದ್ರೆ ಎರಡು ವರ್ಷ ಮನೇಲೇ ಇರಂಗಿಲ್ಲ. ಇದ್ಯಾವ ಸೀಮೆ ಲೆಕ್ಕ ಕಣೇ?"

"ಅದೇ ನಂಗೂ ತಿಳೀಲಿಲ್ಲ," ಎಂದಳು ಅವಳು ಸಾರು ಬಡಿಸುತ್ತಾ. "ಈಗ ಮನೇಲೇ ಇದ್ದೀರಲ್ಲ. ಇರಿ."

ಮುಂಗಡ ವಾಪಸು ಪಡೆಯಲು ಹೋದಾಗ ದಯಾನಂದ ತಾನೇ ಓಡಾಡಿ ಅಂದೇ ಕೊಡಿಸಿದ. ಆ ದುಡ್ಡಿನಲ್ಲಿ ಮೈಲಾರಿ ತುರುವೇಕೆರೆಯ ಮೆಕ್ಯಾನಿಕ್ ಅಣ್ಣಯ್ಯನ ಹತ್ತಿರ ಟ್ರಕ್ಕು ಬಿಟ್ಟು ಇಂಜಿನ್ ಕೆಲಸ ಮಾಡಿಸಿದ. ಸೈಲೆನ್ಸರ್ ಬದಲಿಸಿದ, ಸೀಟಿನಡಿಗೆ ದಪ್ಪ ರಬ್ಬರ್ ಹಾಕಿಸಿದ, ಗಾಜಿನ ಸುತ್ತಲಿನ ಬೀಡಿಂಗ್ ಪಟ್ಟಿ ಹೊಸದು ಮಾಡಿಸಿದ. ಸದ್ದು ಅರ್ಧಕ್ಕರ್ಧ ಕಡಿಮೆಯಾಯಿತು. ಬಿಳಿ ಗಾಡಿಯ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಈಗಲೂ ಷೋರೂಮಿನ ಮುಂದೆ ಹಾಯುವಾಗ ಅವನು ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ ಒಮ್ಮೆ ಅತ್ತ ನೋಡುತ್ತಾನೆ. ದಯಾನಂದ ಒಳಗಿನಿಂದ ಕೈ ಬೀಸುತ್ತಾನೆ. "ಮತ್ತೇನಾದ್ರೂ ರಿಯಾಯ್ತಿ ಬಂದ್ರೆ ಮೊದ್ಲು ನಿಮ್ಗೇ ಹೇಳ್ತೀನಿ ಅಣ್ಣ," ಎಂದಿದ್ದಾನೆ. "ಹೇಳಪ್ಪ, ಬತ್ತೀನಿ," ಎಂದಿದ್ದಾನೆ ಮೈಲಾರಿ. ಆಸೆ ಹೋಗಿಲ್ಲ. ಆದರೆ ಕಾಯುವುದು ಅವನಿಗೆ ಈಗ ಭಾರವಾಗಿ ಕಾಣುವುದಿಲ್ಲ. ಕೊಟ್ಟಿಗೆಯ ಗೋಡೆಯ ಸಾಕೆಟ್ಟಿಗೆ ಜ್ಯೋತಿಲಕ್ಷ್ಮಿ ಹುಲ್ಲು ಕತ್ತರಿಸುವ ಮಿಷನ್ ಸಿಕ್ಕಿಸಿಕೊಂಡಿದ್ದಾಳೆ.

ಎಂಬತ್ತರ ನಿಯಮವನ್ನು ಮಾತ್ರ ಅವನು ಬಿಡಲಿಲ್ಲ. ಬಿಡುವ ಕಾರಣವೇ ಇರಲಿಲ್ಲ, ಒಂದು ಸಲದ ಹೊರತು.

ಜ್ಯೋತಿಲಕ್ಷ್ಮಿಯ ಅಕ್ಕ ಸುವರ್ಣಮ್ಮನನ್ನು ಹುಳಿಯಾರಿನ ಕಡೆಗೆ ಕೊಟ್ಟಿದೆ. ಅವಳ ಗಂಡ ನಂಜುಂಡಪ್ಪ ಕುರಿ ಸಾಕಿಕೊಂಡು, ರಾಗಿ ಹುರುಳಿ ಬೆಳೆದುಕೊಂಡಿದ್ದವನು. ಈ ವರ್ಷ ಅವನ ಬೋರ್‌ವೆಲ್ಲಿನಲ್ಲಿ ಒಳ್ಳೆಯ ನೀರು ಬಿದ್ದು, ಒಂದಷ್ಟು ತೆಂಗು ಹಾಕೋಣವೆಂದು ಮನಸ್ಸು ಮಾಡಿದ. ನಿಮ್ಮ ಕಡೆಯ ಸಸಿಯೇ ಬೇಕು, ಷಡ್ಡಕನೇ ತಂದುಕೊಡಬೇಕು ಎಂದು ಫೋನು ಮಾಡಿದ. ಇವರ ಊರಿಂದ ಅಲ್ಲಿಗೆ ಹೋಗುವುದೇ ಎಪ್ಪತ್ತೈದರ ಮೇಲಾಗುತ್ತದೆ.

"ಹೋದ್ರೆ ಅವತ್ತೇ ಬರಕ್ಕಾಗಲ್ಲ," ಎಂದ ಮೈಲಾರಿ ಗಂಭೀರವಾಗಿ. "ಚಾರ್ಜ್ ಸಾಲಲ್ಲ."

ಜ್ಯೋತಿಲಕ್ಷ್ಮಿ ಒಳಗೆ ಹೋಗಿ ಎರಡು ದಿನದ ಬಟ್ಟೆ ತೆಗೆದಿಟ್ಟುಕೊಂಡು, ಹಸುಗಳನ್ನು ನೋಡಿಕೊಳ್ಳಲು ಶಿವರುದ್ರಮ್ಮನಿಗೆ ಹೇಳಿ ಬಂದಳು. ಮದುವೆಯಾದ ಮೇಲೆ ಅವಳು ಅಕ್ಕನ ಮನೆಗೆ ಹೋಗಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ, ಅದೂ ಮದುವೆ ತಿಥಿಗೆ, ಅದೂ ಸಂಜೆಯ ಬಸ್ಸಿಗೆ ಓಡಿ ಬರುವ ಹಾಗೆ.

ಬೆಳಿಗ್ಗೆ ಸಸಿಗಳನ್ನು ತುಂಬಿಕೊಂಡು, ಒದ್ದೆ ಗೋಣಿ ಹೊದಿಸಿ ಹೊರಟರು. ತುರುವೇಕೆರೆ ದಾಟಿ, ಚಿಕ್ಕನಾಯಕನಹಳ್ಳಿ ದಾಟಿ, ತೋಟಗಳು ತೆಳುವಾಗಿ ಬಯಲು ಬಿಚ್ಚಿಕೊಳ್ಳುತ್ತಾ ಹೋಯಿತು. ಸುವರ್ಣಮ್ಮ ಬಾಗಿಲಲ್ಲೇ ಕಾದಿದ್ದಳು. ತಂಗಿಯ ಕೈಯ ಚೀಲ ನೋಡಿ, "ಇದೇನೇ, ಉಳ್ಕಳಕ್ಕೆ ಬಂದಿದೀರಾ?" ಎಂದು ಕೇಳಿದವಳು, ಹೂಂ ಎಂಬ ಉತ್ತರ ಕೇಳಿ ಚೀಲವನ್ನು ತಾನೇ ತೆಗೆದುಕೊಂಡು ಒಳಗಿಟ್ಟಳು. ಗಂಡಸರಿಬ್ಬರೂ ಸಂಜೆಯವರೆಗೆ ಗುಂಡಿಗೆ ಸಸಿ ಇಟ್ಟು ಮಣ್ಣು ತುಳಿದರು. ಅಕ್ಕತಂಗಿಯರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತು ಆಡಿದ ಮಾತಿಗೆ ಲೆಕ್ಕವಿಲ್ಲ.

ಮಾರನೆಯ ದಿನ ಬೆಳಿಗ್ಗೆ ತಿಂಡಿ ತಿಂದು ಮೈಲಾರಿ ಕೀಲಿ ಕೈಗೆತ್ತಿಕೊಂಡ. ಅವನ ಹೆಸರಿನ ಕಥೆ ಹುಳಿಯಾರಿಗೂ ಬಂದು ಮುಟ್ಟಿತ್ತು. ನಂಜುಂಡಪ್ಪ ಎದ್ದು ಹೋಗಿ, ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ.

"ಇನ್ನೂ ಫುಲ್ ಆಗಿಲ್ಲ ಕಣಪ್ಪ," ಎಂದ. "ನಾಳೀಕೆ ಹೋಗೀರಂತೆ ಬುಡಿ."

ಮೈಲಾರಿ ಹೆಂಡತಿಯ ಕಡೆ ನೋಡಿದ. ಅವಳಾಗಲೇ ಒಳಗೆ ಹೋಗಿ ಅಕ್ಕನ ಜೊತೆ ರಾಗಿ ಕೇರಲು ಮೊರ ಹಿಡಿದು ಕೂತಿದ್ದಳು. ಅವನು ಕೀಲಿಯನ್ನು ಗೋಡೆಯ ಮೊಳೆಗೆ ತಗುಲಿಸಿ, ಷಡ್ಡಕನ ಜೊತೆ ಹೊಸ ಸಸಿಗಳಿಗೆ ನೀರು ಬಿಡಲು ಹೊಲದ ಕಡೆ ನಡೆದ.